ನಸೀಮಾ ಪಾಸಾದ ಪರೀಕ್ಷೆ

ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಶುರುವಾಗಿ ಇನ್ನೂ ವರ್ಷ ತುಂಬಿರದ ಕಾಲ ಅದು. ಶಿಡ್ಲಘಟ್ಟದ ನಮ್ಮ ಶಾಲೆಗೆ ಗೇಟು ಇತ್ತು, ಕಾಂಪೌಂಡು ಇರಲಿಲ್ಲ. ನಾವು ಮರ್ಯಾದೆಯಿಂದ ಗೇಟಿನಲ್ಲೇ ಒಳಗೆ ಹೋಗುತ್ತಿದ್ದೆವು, ಎಮ್ಮೆಗಳು ಪಕ್ಕದಿಂದ ಬರುತ್ತಿದ್ದವು. ಚಳಿ ಬಿತ್ತೆಂದರೆ ಊರಿಗೆಲ್ಲ ಎರಡೇ ವಾಸನೆ. ಒಂದು ಅವರೆಕಾಯಿಯ ಸೊಗಡು. ಬುಟ್ಟಿಗಟ್ಟಲೆ ಕಾಯಿ ಬಿಡಿಸಿ ಬಿಡಿಸಿ ನಮ್ಮ ಬೆರಳೆಲ್ಲ ಅಂಟಂಟು, ಪುಸ್ತಕದ ಹಾಳೆಗೂ ಅದೇ ವಾಸನೆ. ಇನ್ನೊಂದು ರೇಷ್ಮೆಗೂಡು ಬೇಯುವ ವಾಸನೆ. ಬಸ್ಸಿನಲ್ಲಿ ಹೋಗುವ ಪರ ಊರಿನವರು ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ನಮಗೆ ಮಾತ್ರ ರಜೆಗೆ ಹೋಗಿ ವಾಪಸ್ಸು ಬರುವಾಗ ಆ ವಾಸನೆ ಬಡಿದರೇನೇ ಊರು ಬಂತು ಅನ್ನಿಸುತ್ತಿತ್ತು.

ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನಸೀಮಾ. ಅವರ ಮನೆಯಲ್ಲೇ ಗೂಡಿನಿಂದ ನೂಲು ತೆಗೆಯುವ ಕೆಲಸ. ಮುಂದೆ ಮನೆ, ಹಿಂದೆ ಉದ್ದನೆಯ ಶೆಡ್ಡು, ಅದರ ತುಂಬ ಬಿಸಿನೀರಿನ ಬೇಸಿನ್ನುಗಳು, ತಿರುಗುವ ರಾಟೆಗಳು, ಬೆಳಗಿಂದ ಸಂಜೆಯವರೆಗೆ ಗರಗರ ಎನ್ನುವ ಮೋಟಾರು. ಊರಿನಲ್ಲಿ ಉರ್ದು ಶಾಲೆ ಇದ್ದರೂ ಅವಳ ಅಪ್ಪ ಮಗಳನ್ನು ನಮ್ಮ ಕನ್ನಡ ಶಾಲೆಗೆ ಸೇರಿಸಿದ್ದರು. "ಗೂಡಿನ ಮಾರ್ಕೆಟ್ಟಲ್ಲಿ ರೈತರ ಹತ್ರ ಮಾತಾಡಕ್ಕೆ ಕನ್ನಡ ಬೇಕಮ್ಮ. ತೆಲುಗು ತಾನಾಗೇ ಬರುತ್ತೆ, ಉರ್ದು ಮನೇಲಿ ಇದ್ದೇ ಇದೆ" ಅನ್ನುತ್ತಿದ್ದರು.

ನಸೀಮಾಳಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಈ ಒಂದು ಸಾಲನ್ನು ಇಷ್ಟು ನೇರವಾಗಿ ಬರೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಗೊತ್ತಾಗಬೇಕು? ಅವಳ ಮನೆಯಲ್ಲಿ ಮೋಟಾರಿನ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಕೂಗಿದ್ದೂ ಸಾಲದೆ ಕೈಯಲ್ಲಿ ತೋರಿಸುತ್ತಿದ್ದರು. 'ನೀರು ತಾ' ಅನ್ನಲು ಹೆಬ್ಬೆರಳು ಬಾಯಿಗೆ, 'ಸಾಕು' ಅನ್ನಲು ಅಂಗೈ ಅಡ್ಡ. ಆ ಮನೆಯಲ್ಲಿ ಎಲ್ಲರೂ ಅರ್ಧ ಕಿವುಡರಂತೆಯೇ ಬದುಕುತ್ತಿದ್ದುದರಿಂದ ನಿಜವಾಗಿ ಕೇಳಿಸದವಳು ಬೇರೆಯಾಗಿ ಕಾಣಲಿಲ್ಲ. ಅವಳ ಉರ್ದು ತೊದಲಿದರೆ "ಕನ್ನಡ ಸ್ಕೂಲಿಗೆ ಹಾಕಿದ್ದಕ್ಕೆ ಹಿಂಗಾಗಿದೆ" ಎಂದು ಅವಳ ಅಮ್ಮ ಗಂಡನನ್ನು ಬೈಯುತ್ತಿದ್ದರು. ಶಾಲೆಯಲ್ಲಿ ಅವಳ ಕನ್ನಡ ತೊದಲಿದರೆ ನಮ್ಮ ಶಾರದಾ ಮಿಸ್ಸು "ಪಾಪ, ಮನೇಲಿ ಉರ್ದು ಅಲ್ವಾ" ಎಂದು ಬಿಟ್ಟುಬಿಡುತ್ತಿದ್ದರು. ಮಿಸ್ಸು ಕೆಟ್ಟವರಲ್ಲ. ಐವತ್ತು ಚಿಲ್ಲರೆ ಮಕ್ಕಳಿಗೆ ಎಲ್ಲ ಸಬ್ಜೆಕ್ಟಿಗೂ ಒಬ್ಬರೇ. ಗಲಾಟೆ ಮಾಡದೆ ಮೂಲೆಯಲ್ಲಿ ಕೂತ ಮಗು ಅವರ ಪಾಲಿಗೆ ದೇವರು ಕೊಟ್ಟ ವರ.

ಅದೂ ಅಲ್ಲದೆ ಪಕ್ಕದಲ್ಲಿ ನಾನಿದ್ದೆನಲ್ಲ. ಹಾಜರಿ ಕೂಗುವಾಗ ಅವಳ ಮಂಡಿಗೆ ಒಂದು ತಟ್ಟು ತಟ್ಟಿದರೆ "ಎಸ್ ಮಿಸ್" ಅನ್ನಬೇಕು. ಎರಡು ತಟ್ಟಿದರೆ ಎದ್ದು ನಿಲ್ಲಬೇಕು. ಉಕ್ತಲೇಖನದ ಹೊತ್ತಿಗೆ ನಾನು ಸ್ಲೇಟನ್ನು ಅವಳ ಕಡೆ ಓರೆ ಮಾಡಿ ಹಿಡಿಯುತ್ತಿದ್ದೆ. ಕುಂಟಾಬಿಲ್ಲೆ ಆಡುವಾಗ ಔಟೋ ಅಲ್ಲವೋ ಎಂದು ಕಣ್ಣಲ್ಲೇ ಹೇಳುತ್ತಿದ್ದೆ. ನನಗೆ ಇದರಲ್ಲಿ ಎಷ್ಟು ಜಂಬ ಅಂದರೆ, ಮಿಸ್ಸಿಗೂ ಗೊತ್ತಿಲ್ಲದ್ದೊಂದು ನನಗೆ ಗೊತ್ತಿದೆಯಲ್ಲ ಎಂದು ಒಳಗೊಳಗೇ ಉಬ್ಬುತ್ತಿದ್ದೆ.

ಶಾಲೆಯಲ್ಲಿ ಇದನ್ನು ಕಂಡುಹಿಡಿದಿದ್ದ ಇನ್ನೊಬ್ಬರೆಂದರೆ ಬಿಸಿಯೂಟದ ಅಡುಗೆಯ ವೆಂಕಟಲಕ್ಷ್ಮಮ್ಮ. ಆಂಧ್ರದ ಗಡಿಯ ಕಡೆಯವಳು, ಬಾಯಲ್ಲಿ ಅರ್ಧ ತೆಲುಗು. ಬಡಿಸುವಾಗ ಎಲ್ಲ ಮಕ್ಕಳ ಹತ್ತಿರವೂ "ಇನ್ನೊಂಚೂರು ಹಾಕ್ಲೇನಮ್ಮ?" ಎಂದು ಕೇಳುವವಳು ನಸೀಮಾಳ ಮುಂದೆ ಬಂದಾಗ ಏನೂ ಕೇಳದೆ ತಟ್ಟೆಯ ಅಂಚಿಗೆ ಸೌಟಿನಿಂದ ತಟ್ಟಿ, ಅವಳು ತಲೆ ಎತ್ತುವವರೆಗೆ ಕಾಯುತ್ತಿದ್ದಳು. ಒಂದು ದಿನ ಕೈ ತೊಳೆಯುವ ಹೊತ್ತಿಗೆ ನನ್ನನ್ನು ಹಿಡಿದು ಕೇಳಿದಳು.

"ಏನೇ ಸುಜಾತಮ್ಮ, ಆ ಪಾಪಕ್ಕೆ ಕೇಳ್ಸಲ್ಲ ಅಲ್ವಾ?"

"ಕೇಳ್ಸುತ್ತೆ" ಎಂದೆ.

"ನಂಗೇ ಹೇಳ್ತೀಯಾ? ನಾನು ಹಿಂದ್ಗಡೆ ಪಾತ್ರೆ ಕೆಡವಿದ್ರೆ ಇಡೀ ಸ್ಕೂಲೇ ಹಾರಿಬೀಳುತ್ತೆ, ಅವಳೊಬ್ಳು ಅನ್ನ ಕಲ್ಸ್ತಾ ಕೂತಿರ್ತಾಳೆ."

"ಅವಳಿಗೆ ಧೈರ್ಯ ಜಾಸ್ತಿ" ಎಂದು ಹೇಳಿ ಓಡಿಬಿಟ್ಟೆ.

ಅವರೆಕಾಯಿ ಇನ್ನೇನು ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಹೆಡ್ಮಾಸ್ಟರು ಪ್ರತಿ ಕ್ಲಾಸಿಗೂ ಬಂದು ಹೇಳಿಹೋದರು. "ನಾಳಿದ್ದು ಬೆಂಗಳೂರಿಂದ ಒಂದು ಸಂಸ್ಥೆಯವರು ವ್ಯಾನಲ್ಲಿ ಬರ್ತಾರೆ. ನಿಮ್ಮೆಲ್ಲರ ಕಣ್ಣು, ಕಿವಿ ಟೆಸ್ಟ್ ಮಾಡ್ತಾರೆ. ಎಲ್ಲರೂ ತಲೆಗೆ ಎಣ್ಣೆ ಹಾಕ್ಕೊಂಡು, ಉಗುರು ಕತ್ತರಿಸ್ಕೊಂಡು, ಕಿವಿ ತೊಳ್ಕೊಂಡು ಬನ್ನಿ. ಸ್ಕೂಲಿನ ಮರ್ಯಾದೆ ಕಳೀಬೇಡಿ."

ಟೆಸ್ಟ್ ಎಂಬ ಮಾತಿಗೆ ನಮಗೆ ಗೊತ್ತಿದ್ದ ಅರ್ಥ ಒಂದೇ. ಪಾಸಾಗಬೇಕು, ಇಲ್ಲವೇ ಫೇಲು. ಆ ಎರಡು ದಿನ ಇಡೀ ಶಾಲೆ ಓದಿಕೊಂಡಿತು. ಅಕ್ಷರದ ಚಾರ್ಟು ತೋರಿಸುತ್ತಾರಂತೆ ಎಂದು ಯಾರೋ ಹೇಳಿದ್ದಕ್ಕೆ ಹುಡುಗರು ಅಂಗಡಿಗಳ ಬೋರ್ಡುಗಳನ್ನು ಆಚೆ ರಸ್ತೆಯಿಂದ ಓದುವ ಅಭ್ಯಾಸ ಮಾಡಿದರು.

ನಾನು ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ. ಅವಳು ಹಿತಕಿದ ಬೇಳೆಗೆಂದು ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿಸುಕಿ ಸಿಪ್ಪೆಯಿಂದ ಚಿಮ್ಮಿಸುತ್ತಾ ಕೂತಿದ್ದಳು.

"ಅಜ್ಜಿ, ಕಿವಿ ಕೇಳ್ದಿದ್ರೆ ಏನು ಮಾಡ್ತಾರೆ?"

"ಬೆಂಗಳೂರಲ್ಲಿ ಅಂಥ ಮಕ್ಕಳಿಗೇ ಅಂತ ಸ್ಕೂಲೈತಲ್ಲೇ. ನಮ್ಮ ಚಿಂತಾಮಣಿ ನಂಜಪ್ಪನ ಮೊಮ್ಮಗನ್ನ ಅಲ್ಲಿಗೇ ಹಾಕಿದ್ರು. ಹಾಸ್ಟ್ಲು. ವರ್ಷಕ್ಕೊಂದ್ಸಲ ಬರ್ತಾನೆ, ಬಂದೋನು ಎರಡು ದಿನಕ್ಕೇ ವಾಪಸ್ ಹೋಗ್ತೀನಿ ಅಂತ ಕುಣೀತಾನೆ." ಅಜ್ಜಿ ಸುಮ್ಮನೆ ಹೇಳಿದ ಮಾತು. ಹುಡುಗ ವಾಪಸ್ಸು ಹೋಗಲು ಏಕೆ ಕುಣಿಯುತ್ತಾನೆಂದು ನಾನು ಯೋಚಿಸಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಹಾಸ್ಟೆಲ್ಲು, ವರ್ಷಕ್ಕೊಂದು ಸಲ, ಅಷ್ಟೇ. ನನಗೆ ಅಂದು ಹಿತಕಿದ ಬೇಳೆಯ ಸಾರೂ ರುಚಿಸಲಿಲ್ಲ.

ಮಾರನೆಯ ದಿನ ಹೊಂಗೆಮರದ ಕೆಳಗೆ ನಸೀಮಾಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ವ್ಯಾನು, ಬೆಂಗಳೂರು, ಅವಳಂಥ ಮಕ್ಕಳದೇ ಸ್ಕೂಲು, ಹಾಸ್ಟೆಲ್ಲು. ಬಾಯಲ್ಲಿ ಅರ್ಧ, ಕೈಯಲ್ಲಿ ಅರ್ಧ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಹೆದರಿದ್ದಾಳೆ ಎಂದುಕೊಂಡೆ. "ನಾನಿದ್ದೀನಿ ಕಣೇ, ಹೆದರ್ಕೋಬೇಡ" ಎಂದು ಅವಳ ಕೈ ಹಿಡಿದುಕೊಂಡೆ.

ಬಿಳಿ ವ್ಯಾನು ಬಂದ ದಿನ ಹೆಡ್ಮಾಸ್ಟರ ಕೋಣೆಯಲ್ಲಿ ಕಿವಿಯ ಪರೀಕ್ಷೆ. ಸಂಸ್ಥೆಯ ಮೇಡಂ ಕಾಟನ್ ಸೀರೆ ಉಟ್ಟ ಮೃದು ಮಾತಿನ ಹೆಂಗಸು. ಅವರ ಮುಂದೆ ಒಂದು ಪೆಟ್ಟಿಗೆ. ಮಗು ಅವರಿಗೆ ಬೆನ್ನು ಮಾಡಿ ಕೂರಬೇಕು, ಕಿವಿಗೆ ದಪ್ಪನೆಯ ಹೆಡ್‌ಫೋನು ಹಾಕುತ್ತಾರೆ, ಸದ್ದು ಕೇಳಿದಾಗ ಬೆರಳು ಎತ್ತಬೇಕು. ನನ್ನ ಸರದಿ ಮೊದಲು ಬಂತು. ನನಗೋ ಕುತೂಹಲ, ತಿರುಗಿ ನೋಡಿದೆ. ಮೇಡಂ ಹೆಬ್ಬೆರಳಿನಿಂದ ಗುಂಡಿ ಒತ್ತಿದಾಗ ಪೆಟ್ಟಿಗೆಯ ಮೇಲೆ ಪುಟ್ಟ ಕೆಂಪು ದೀಪ ಹತ್ತಿತು, ಅದೇ ಹೊತ್ತಿಗೆ ಕಿವಿಯಲ್ಲಿ 'ಪೀ' ಎಂದಿತು. "ತಿರುಗಬಾರ್ದಮ್ಮ" ಎಂದು ಅವರು ನಕ್ಕರು. ನನಗೆ ಬೇಕಾದ್ದು ಸಿಕ್ಕಿಯಾಗಿತ್ತು.

ನಸೀಮಾಳ ಹೆಸರು ಕೂಗಿದಾಗ ಶಾರದಾ ಮಿಸ್ಸು ತಾವಾಗಿಯೇ ಹೇಳಿದರು. "ಮೇಡಂ, ಇವಳಿಗೆ ಕನ್ನಡ ಅಷ್ಟಾಗಿ ಅರ್ಥ ಆಗಲ್ಲ. ಈ ಸುಜಾತ ಹೇಳಿದ್ರೆ ತಿಳ್ಕೋತಾಳೆ. ಇವಳನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ." ನಾನು ಬೇಡಿಕೊಂಡಿದ್ದರೂ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ. ಸ್ಟೂಲು ಹಾಕಿಸಿಕೊಂಡು ಓರೆಯಾಗಿ ಕೂತೆ. ಚಪ್ಪಲಿ ಎಲ್ಲ ಬಾಗಿಲ ಹೊರಗೆ. ನನ್ನ ಬರಿಗಾಲನ್ನು ಅವಳ ಬರಿಗಾಲಿನ ಮೇಲೆ ಇಟ್ಟು, ಒತ್ತಿದಾಗ ಬೆರಳು ಎತ್ತು ಎಂದು ಕಣ್ಣಲ್ಲೇ ಹೇಳಿದೆ. ಮೇಡಂ ಕಣ್ಣು ಪೆಟ್ಟಿಗೆಯ ಮೇಲೆ, ನಸೀಮಾಳ ಬೆರಳಿನ ಮೇಲೆ. ನೆಲದ ಕಡೆ ಯಾರು ನೋಡುತ್ತಾರೆ?

ದೀಪ ಹತ್ತಿತು. ಒತ್ತಿದೆ. ಬೆರಳು ಏಳಲಿಲ್ಲ. ಇನ್ನೊಂದು ಸಲ ಹತ್ತಿತು. ಜೋರಾಗಿ, ಹೆಬ್ಬೆರಳಿನ ಉಗುರು ಊರುವ ಹಾಗೆ ಒತ್ತಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಬೆರಳು ಎತ್ತಿದಳು. ಅಲ್ಲಿಂದ ಮುಂದೆ ಒಂದೂ ತಪ್ಪಲಿಲ್ಲ. ಎಡಗಿವಿ, ಬಲಗಿವಿ, ಸಣ್ಣ ಸದ್ದು, ದೊಡ್ಡ ಸದ್ದು, ಎಲ್ಲಕ್ಕೂ ಬೆರಳು.

"ವೆರಿ ಗುಡ್" ಎಂದು ಮೇಡಂ ಹಾಳೆಯಲ್ಲಿ ಗುರುತು ಹಾಕುವ ಹೊತ್ತಿಗೆ ವೆಂಕಟಲಕ್ಷ್ಮಮ್ಮ ಟೀ ತಟ್ಟೆ ಹಿಡಿದು ಬಂದಳು. ಲೋಟ ಇಡುತ್ತಾ ನಸೀಮಾಳನ್ನು ನೋಡಿ ನಿಂತಳು.

"ಈ ಪಾಪದು ಆಯ್ತಾ ಸಾರ್? ಇದಕ್ಕೆ ವಿನಪಡದು ಸಾರ್. ಕಿವಿ ಕೇಳ್ಸಲ್ಲ. ನಾನು ದಿನಾ ನೋಡ್ತೀನಿ."

ಹೆಡ್ಮಾಸ್ಟರಿಗೆ ಮುಜುಗರವಾಯಿತು. ಹೊರಗಿನವರ ಮುಂದೆ ಅಡುಗೆಯವಳು ಮಾತಾಡುವುದೇ? "ನೀನು ಟೀ ಇಟ್ಟು ಹೋಗಮ್ಮ. ಅದೆಲ್ಲ ನೋಡಕ್ಕೆ ಮಿಸ್ಸಿದಾರೆ, ಮೇಡಂ ಇದಾರೆ. ನಿನ್ನ ಕೆಲಸ ನೀನು ನೋಡ್ಕೋ."

"ನನ್ ಕೆಲ್ಸದಾಗೇ ಕಂಡಿದ್ದು ಸಾರ್" ಎಂದಳು ಅವಳು. ಆದರೂ ತಟ್ಟೆ ಎತ್ತಿಕೊಂಡು ಹೊರಟುಹೋದಳು.

ಮೇಡಂ ಪೆನ್ನು ಕೆಳಗಿಟ್ಟರು. ಶಾರದಾ ಮಿಸ್ಸಿನ ಕಡೆ ತಿರುಗಿ "ಕ್ಲಾಸಲ್ಲಿ ಹೇಗೆ?" ಎಂದು ಕೇಳಿದರು. "ಬರೀತಾಳೆ ಮೇಡಂ. ಉಕ್ತಲೇಖನದಲ್ಲೂ ಪರವಾಗಿಲ್ಲ. ಭಾಷೆ ಒಂದೇ ಸ್ವಲ್ಪ" ಎಂದರು ಮಿಸ್ಸು. ಉಕ್ತಲೇಖನ ನನ್ನ ಸ್ಲೇಟಿನದೆಂದು ಅವರಿಗೇನು ಗೊತ್ತು? ಮೇಡಂ ಇನ್ನೊಮ್ಮೆ ಗುಂಡಿ ಒತ್ತಿ ನೋಡಿದರು. ನನ್ನ ಕಾಲು ಅಲ್ಲೇ ಇತ್ತು. ಬೆರಳು ಎದ್ದಿತು. ಹೊರಗೆ ವ್ಯಾನಿನ ಡ್ರೈವರು ಹಾರನ್ ಹೊಡೆದ, ಮಧ್ಯಾಹ್ನಕ್ಕೆ ಇನ್ನೊಂದು ಶಾಲೆ ಇತ್ತು. ಮೇಡಂ ಆಗ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿ ಕೇಳಿದರು.

"ನೀನು ಹೇಳು ಪುಟ್ಟ. ನಿನ್ನ ಫ್ರೆಂಡಿಗೆ ಕೇಳುತ್ತಾ?"

"ಚೆನ್ನಾಗಿ ಕೇಳುತ್ತೆ ಮೇಡಂ" ಎಂದೆ.

ಈಗ ಯೋಚಿಸಿದರೆ ಆ ಕೋಣೆಯಲ್ಲಿ ಯಾರೂ ತಮ್ಮ ಕೆಲಸ ತಪ್ಪಿಸಿರಲಿಲ್ಲ. ತೊಂದರೆ ಇದ್ದರೆ ಬಂದವರು ಕಂಡುಹಿಡಿಯುತ್ತಾರೆಂದು ಶಾಲೆಯವರು, ಇದ್ದರೆ ಶಾಲೆಯವರು ಹೇಳಿರುತ್ತಿದ್ದರಲ್ಲ ಎಂದು ಬಂದವರು. ಕಂಡವಳಿಗೆ ಹೇಳುವ ಹಕ್ಕಿಲ್ಲ. ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದು ನನ್ನನ್ನು, ಒಂಬತ್ತು ವರ್ಷದ ಹುಡುಗಿಯನ್ನು. ಹಾಳೆಯ ಮೇಲೆ ಮೂರು ಸಹಿ ಬಿದ್ದವು. ನಸೀಮಾ ಪಾಸಾದಳು. ನಾನು ಅವಳನ್ನು ಎಳೆದುಕೊಂಡು ಹೋಗಿ ಗೇಟಿನ ಹತ್ತಿರ ಹಣ್ಣು ಮಾರುವ ಅಜ್ಜನ ಬಳಿ ಎರಡು ಸೀಬೆಕಾಯಿ ಕೊಂಡು ಉಪ್ಪುಕಾರ ಹಚ್ಚಿಸಿಕೊಂಡು ಹಬ್ಬ ಮಾಡಿದೆ. ಅವಳು ಅರ್ಧ ತಿಂದು ಉಳಿದದ್ದನ್ನು ನನಗೇ ಕೊಟ್ಟಳು.

ಐದನೇ ಕ್ಲಾಸಿನ ಮಂಜ ಫೇಲಾಗಿದ್ದ. ಇನ್ನೇನು ವ್ಯಾನು ಬಂದು ಅವನನ್ನು ಹಾಸ್ಟೆಲ್ಲಿಗೆ ಒಯ್ಯುತ್ತದೆಂದು ನಾನು ಕಾಯುತ್ತಿದ್ದೆ. ಒಂದು ತಿಂಗಳಿಗೆ ವ್ಯಾನು ಬಂತು. ಮಂಜನ ಜೇಬಿಗೆ ಒಂದು ಪುಟ್ಟ ಡಬ್ಬಿ ಸಿಕ್ಕಿಸಿ, ಅದರಿಂದ ಕಿವಿಗೆ ಒಂದು ತಂತಿ ಕೊಟ್ಟು, ಅವನನ್ನು ಅಲ್ಲೇ ಬಿಟ್ಟು ಹೋಯಿತು.

"ಏನೋ ಮಂಜ, ರೇಡಿಯೋನಾ?" ಎಂದು ಹುಡುಗರು ಆಡಿಕೊಂಡರು.

"ಹೂಂ ಕಣ್ರೋ, ಕ್ರಿಕೆಟ್ ಬರ್ತಾ ಐತೆ. ಸ್ಕೋರು ಬೇಕಾದ್ರೆ ನನ್ನ ಚೀಲ ಹೊರ್ರಿ" ಎಂದ ಅವನು. ಮೂರು ದಿನ ಅವನ ಚೀಲ ಹೊರಲು ಜಗಳ.

ಆಮೇಲೆ ಪ್ರತಿ ಗುರುವಾರ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಒಬ್ಬ ಮೇಷ್ಟ್ರು ಬರತೊಡಗಿದರು. ಪಟ್ಟಿಯಲ್ಲಿ ಹೆಸರಿದ್ದ ಮಕ್ಕಳಿಗೆ ಮಾತ್ರ ಪಾಠ. ಹೊಂಗೆಮರದ ಕೆಳಗೆ ಮಂಜನ ಕೈಗೆ ಕನ್ನಡಿ ಕೊಟ್ಟು, ತುಟಿ ಹೇಗೆ ಕೂಡಿಸಬೇಕು, ನಾಲಿಗೆ ಎಲ್ಲಿ ಇಡಬೇಕು ಎಂದು ತೋರಿಸುತ್ತಿದ್ದರು. ನಸೀಮಾ ನಮ್ಮ ಕ್ಲಾಸಿನ ಕಿಟಕಿಯ ಸರಳು ಹಿಡಿದು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಅವಳ ತುಟಿಯೂ ಅಲ್ಲಾಡುತ್ತಿತ್ತು. ಆಟದ ಪೀರಿಯಡ್ಡು ವ್ಯರ್ಥವಾಗುತ್ತದಲ್ಲ ಎಂದು ನಾನು ಅವಳ ಜಡೆ ಹಿಡಿದು ಎಳೆಯುತ್ತಿದ್ದೆ.

ಹಾಸ್ಟೆಲ್ಲಿನ ಭಯ ಸುಳ್ಳೆಂದು ಆಗ ನನಗೆ ತಿಳಿದಿತ್ತು. ಒಂದು ಗುರುವಾರ ಎದ್ದು ಹೋಗಿ ಆ ಮೇಷ್ಟ್ರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನಾನು ಸುಳ್ಳಿ ಎಂದು ಗೊತ್ತಾಗುತ್ತದೆ, ಮೂರು ಸಹಿ ಬಿದ್ದ ಹಾಳೆ ಕೆಡುತ್ತದೆ, ಹೆಡ್ಮಾಸ್ಟರು ಕೈಗೆ ಬಾರಿಸುತ್ತಾರೆ. ಮುಂದಿನ ವರ್ಷ ವ್ಯಾನು ಬಂದಾಗ ಕಾಲು ಇಡದಿದ್ದರಾಯಿತು ಎಂದುಕೊಂಡೆ. ಮುಂದಿನ ವರ್ಷ ವ್ಯಾನು ಬರಲಿಲ್ಲ. ಸಂಸ್ಥೆಯವರು ಬೇರೆ ಜಿಲ್ಲೆಗೆ ಹೋದರಂತೆ.

ನಾನು ಐದು ಮುಗಿಸುವ ಹೊತ್ತಿಗೆ ತಾಲ್ಲೂಕು ಕಚೇರಿಯಲ್ಲಿದ್ದ ಅಪ್ಪನಿಗೆ ಗೌರಿಬಿದನೂರಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವ ದಿನ ನಸೀಮಾಳ ಅಮ್ಮ ಶ್ಯಾವಿಗೆ ಖೀರು ಮಾಡಿ ತಂದುಕೊಟ್ಟರು. ನಾವಿಬ್ಬರೂ ಅತ್ತೆವು. ನಾನು ಹೋದಮೇಲೆ ಅವಳ ಪಕ್ಕ ಯಾರು ಕೂರುತ್ತಾರೆ ಎಂಬ ಯೋಚನೆ ನನಗೆ ಹೊಳೆದದ್ದು ಗೌರಿಬಿದನೂರಿನ ಹೊಸ ಶಾಲೆಯಲ್ಲಿ, ಮೊದಲ ಉಕ್ತಲೇಖನದ ದಿನ. ಅವಳು ಆರನೇ ಕ್ಲಾಸಿನ ಅರ್ಧಕ್ಕೇ ಶಾಲೆ ಬಿಟ್ಟಳೆಂದು ಆಮೇಲೆ ಶಿಡ್ಲಘಟ್ಟಕ್ಕೆ ಹೋಗಿಬಂದ ಅಜ್ಜಿಯಿಂದ ತಿಳಿಯಿತು. "ಓದು ಹತ್ತಲಿಲ್ಲವಂತೆ. ಬೇಸಿನ್ ಮುಂದೆ ಕೂರಿಸಿದಾರೆ" ಎಂದಳು ಅಜ್ಜಿ.

ನಾನು ಈಗಲೂ ಗೌರಿಬಿದನೂರಿನಲ್ಲೇ ಇದ್ದೇನೆ. ಮಗ ಸರ್ಕಾರಿ ಶಾಲೆಯಲ್ಲೇ ಮೂರನೇ ಕ್ಲಾಸು. ಹೋದ ಚಳಿಗಾಲದಲ್ಲಿ ಪೋಷಕರ ಸಭೆಗೆ ಹೋದಾಗ ಗೋಡೆಯ ಮೇಲೆ ಹೊಸ ಬೋರ್ಡು ಕಂಡೆ. ಮಗುವಿಗೆ ಯಾವ ತೊಂದರೆ ಇದ್ದರೆ ಶಾಲೆಯಲ್ಲಿ ಯಾರ ಜವಾಬ್ದಾರಿ, ಹೊರಗೆ ಯಾರನ್ನು ಕರೆಸಬೇಕು ಎಂದು ಚೌಕ ಹಾಕಿ ಬರೆದಿದ್ದರು. ಕಣ್ಣು, ಕಿವಿ, ಮಾತು ಎಂಬ ಸಾಲಿನಲ್ಲಿ ತರಗತಿ ಶಿಕ್ಷಕರು, ಸಂಪನ್ಮೂಲ ಶಿಕ್ಷಕರು, ಆಸ್ಪತ್ರೆ. ಅಡುಗೆಯವರ ಸಾಲಿನಲ್ಲಿ ಶುಚಿ ಮತ್ತು ಬಿಸಿಯಾದ ಊಟ. ಒಳ್ಳೆಯ ಬೋರ್ಡು. ನಮ್ಮ ಕಾಲಕ್ಕೆ ಅಷ್ಟೂ ಇರಲಿಲ್ಲ. ಆದರೂ ಅಡುಗೆಯವರ ಆ ಸಾಲನ್ನು ಎರಡು ಸಲ ಓದಿದೆ. ಮುಂದಿನ ಭಾನುವಾರ ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅದೇ ಮನೆ, ಅದೇ ಶೆಡ್ಡು. ಈಗ ನಸೀಮಾ ಮತ್ತು ಅವಳ ಗಂಡ ನಡೆಸುತ್ತಾರೆ. ಕರೆಂಟು ಹೋಗಿತ್ತು, ಮೋಟಾರು ನಿಂತಿತ್ತು. ಅವಳು ನನ್ನನ್ನು ನೋಡಿದೊಡನೆ ಗುರುತು ಹಿಡಿದಳು. ಕಿವಿಯ ಹಿಂದೆ ಪುಟ್ಟ ಮೆಷಿನ್ನು ಇತ್ತು. ಮೂರು ವರ್ಷದ ಹಿಂದೆ ಹಾಕಿಸಿಕೊಂಡದ್ದಂತೆ.

"ಸದ್ದು ಬರ್ತದೆ ಸುಜಿ. ಮಾತು ಬಿಡಿಸ್ಕೊಳ್ಳಕ್ಕೆ ಆಗಲ್ಲ. ಚಿಕ್ಕೋಳಿದ್ದಾಗ್ಲೇ ಹಾಕಿದ್ರೆ ಬರ್ತಿತ್ತು ಅಂದ್ರು ಡಾಕ್ಟ್ರು" ಎಂದಳು. ಯಾರ ಮೇಲೂ ದೂರಿಲ್ಲದ ದನಿ. ನಾಲ್ಕನೇ ಕ್ಲಾಸಿನ ಅವಳ ಮಗಳು ಚಹಾ ತಂದಿಟ್ಟು, ನಾನು ಹೇಳಿದ ಉದ್ದ ಮಾತುಗಳನ್ನು ಅಮ್ಮನ ಮುಂದೆ ನಿಂತು ನಿಧಾನಕ್ಕೆ ತುಟಿ ಬಿಡಿಸಿ ಹೇಳುತ್ತಿದ್ದಳು. ಬ್ಯಾಂಕಿನ ಕಾಗದ, ಕರೆಂಟಿನ ನೋಟಿಸು ಎಲ್ಲ ಅವಳೇ ಓದಿ ಹೇಳುವುದಂತೆ.

"ಆ ಬಿಳಿ ವ್ಯಾನು ನೆನಪಿದ್ಯಾ?" ಎಂದೆ.

ಅವಳು ನಕ್ಕಳು. "ನಿನ್ನ ಉಗುರು! ಅವತ್ತು ರಕ್ತ ಬಂದಿತ್ತು ಗೊತ್ತಾ? ಹೆಡ್ಮಾಸ್ಟ್ರು ಉಗುರು ಕತ್ತರಿಸ್ಕೊಂಡು ಬನ್ನಿ ಅಂದಿದ್ರೂ ಕೇಳಿಲ್ಲ ನೀನು."

"ನಿಂಗೆ ಹಾಸ್ಟ್ಲು ಅಂದ್ರೆ ಭಯ ಅಂತ..."

"ನಂಗಾ?" ಅವಳು ಲೋಟ ಕೆಳಗಿಟ್ಟಳು. "ಭಯ ನಿಂಗೆ ಇತ್ತು. ನಂಗೆ ಹೋಗ್ಬೇಕು ಅಂತಿತ್ತು. ಅಲ್ಲಿ ಎಲ್ಲಾ ನನ್ ಥರದ ಮಕ್ಕಳೇ ಅಂದ್ಯಲ್ಲ ನೀನು. ಅವತ್ತು ಬೆರಳು ಎತ್ತಬಾರ್ದು ಅಂತಾನೇ ಕೂತಿದ್ದೆ. ನಿನ್ ಮುಖ ನೋಡಿದೆ. ಅಳೋ ಥರ ಇದ್ದೆ. ಅದಕ್ಕೆ ಎತ್ತಿದೆ."

ಇಷ್ಟು ವರ್ಷ ಈ ಕಥೆಯನ್ನು ನನಗೆ ನಾನೇ ಹೇಳಿಕೊಳ್ಳುವಾಗಲೆಲ್ಲ ಅದರಲ್ಲಿ ಬುದ್ಧಿವಂತೆಯೂ ನಾನೇ, ತಪ್ಪಿತಸ್ಥೆಯೂ ನಾನೇ. ಹೊಂಗೆಮರದ ಕೆಳಗೆ ಅಷ್ಟೊಂದು ಹೇಳಿದವಳು ನಿನಗೆ ಏನು ಬೇಕೇ ಎಂದು ಒಂದು ಮಾತು ಅವಳನ್ನು ಕೇಳಿರಲಿಲ್ಲ. ಅವಳ ಗುರುವಾರಗಳು, ಅವಳ ಓದು, ಬಾಯಿ ತುಂಬ ಆಡಬಹುದಾಗಿದ್ದ ಮಾತು, ಬ್ಯಾಂಕಿನ ಕಾಗದವನ್ನು ತಾನೇ ಓದಿಕೊಳ್ಳುವ ಮಾನ, ಇಷ್ಟನ್ನೂ ನಾನು ಅಳಬಾರದೆಂದು ಅವಳು ಕೊಟ್ಟಿದ್ದಳು. ನಾನು ಸೀಬೆಕಾಯಿ ತಿಂದಿದ್ದೆ.

ಅಷ್ಟರಲ್ಲಿ ಕರೆಂಟು ಬಂತು. ನಸೀಮಾ ದಡಕ್ಕನೆ ಎದ್ದಳು, ನೀರಿಗೆ ಬಿಟ್ಟ ಗೂಡು ಕಾಯುತ್ತಿತ್ತು. "ಮೋಟಾರ್ ಸದ್ದಿಗೆ ಇದು ತಲೆ ಸೀಳ್ತದೆ" ಎಂದು ಕಿವಿಯ ಮೆಷಿನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಗೋಡೆಯ ಗೂಡಿನಲ್ಲಿದ್ದ ಡಬ್ಬಿಯೊಳಗೆ ಇಟ್ಟು ಬೇಸಿನ್ನಿನ ಮುಂದೆ ಕೂತಳು. ರಾಟೆ ತಿರುಗಿತು. ಆವಿಯ ನಡುವೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ತಪ್ಪಾಯ್ತು ಕಣೇ. ಅವತ್ತು ನಾನು ಸುಳ್ಳು ಹೇಳ್ದೆ" ಎಂದೆ.

ಅವಳು ಬಿಸಿನೀರಿನಲ್ಲಿ ಎಳೆ ಹುಡುಕುತ್ತಿದ್ದಳು, ತಿರುಗಲಿಲ್ಲ. ಆ ಮಾತನ್ನು ಅವತ್ತು ಹೆಡ್ಮಾಸ್ಟರ ಕೋಣೆಯಲ್ಲೇ ಆಡಿದ್ದರೆ ಕೇಳಿಸಿಕೊಳ್ಳಲು ಮೂರು ಜನ ದೊಡ್ಡವರಿದ್ದರು.